ಬೇಸಿಗೆಯ ಹುಳುವೂ ಶ್ರಾವಕನ ಪ್ರಮಾದವೂ

ಬಿಸಿಲು ಬಲಿತಂತೆ ಮನೆಯ ಹುಳುಹುಪ್ಪಟೆ ತಾನಾಗಿಯೇ ಇಲ್ಲವಾಗುವುದೆಂಬ ನಂಬಿಕೆ ಗೃಹಸ್ಥರಲ್ಲಿ ಬೇರೂರಿದೆ. ಅದು ಅರ್ಧ ಸತ್ಯ. ಮಿಕ್ಕರ್ಧದ ಅಜ್ಞಾನದಿಂದಲೇ ಚೈತ್ರ ವೈಶಾಖಗಳಲ್ಲಿ ಅಂಗಡಿಯ ವಿಷವು ಶ್ರಾವಕರ ಅಡಿಗೆಮನೆಯನ್ನು ಹೊಗುತ್ತಿದೆ.

ಕಲಘಟಗಿ ತಾಲ್ಲೂಕಿನ ತಂಬೂರದ ಸೀಮೆಯನ್ನೇ ನೋಡಬಹುದು. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ಏಪ್ರಿಲ್ ತಿಂಗಳ ನೆಲ ಒಣಗಿ ಬಿರಿಯುತ್ತದೆ. ಜೂನ್ ಹೊಕ್ಕ ಮೇಲೆ ಗಾಳಿಯೆಲ್ಲ ತೇವ. ಒಣಹವೆಯಲ್ಲಿ ಕೀಟದ ಸಣ್ಣ ದೇಹ ಬೇಗನೆ ನೀರು ಕಳೆದುಕೊಳ್ಳುತ್ತದೆ. ಆದುದರಿಂದ ಇರುವೆಗಳು ಹೊರಗಿನ ನೆಲ ಬಿಟ್ಟು ನೀರಿನ ಕೊಡದ ಬುಡಕ್ಕೂ ಜಿರಲೆಗಳು ಬಚ್ಚಲ ಮೋರಿಗೂ ಸರಿಯುತ್ತವೆ. ಅವು ಹೆಚ್ಚಿದುವೆಂದು ಮನೆಯವರು ಗಾಬರಿಗೊಳ್ಳುತ್ತಾರೆ. ಅನೇಕ ವೇಳೆ ಅವು ಹೆಚ್ಚಿರುವುದಿಲ್ಲ, ಬಾಯಾರಿ ಬಂದಿರುತ್ತವೆ. ಗೆದ್ದಲು ಒಣಗಾಳಿಗೆ ಮೈಯೊಡ್ಡಲಾರದೆ ಮಣ್ಣಿನ ಕೊಳವೆ ಕಟ್ಟಿಕೊಂಡು ಗೋಡೆಯ ಮೇಲಿಂದ ತೊಲೆಗೆ ಏರುತ್ತದೆ; ಮೊದಲ ಮಳೆಗೆ ರೆಕ್ಕೆಯ ಹುಳು ಹೊರಟಾಗಲಷ್ಟೇ ಮನೆಯವರಿಗೆ ಅದರ ಅರಿವು. ತಗಣಿಗಂತೂ ಸೆಕೆ ಹಿತ. ತತ್ತಿಯೊಡೆದು ಬೆಳೆಯಲು ಅದಕ್ಕೆ ಬೇಕಾಗುವ ದಿನಗಳೇ ಕಡಿಮೆಯಾಗುತ್ತವೆ.

ಧಾನ್ಯದ ವಿಷಯ ಬೇರೆ. ಅಕ್ಕಿ ಜೋಳಗಳ ನುಸಿ ಕಾಳಿನೊಳಗೇ ತತ್ತಿಯಿಡುತ್ತದೆ. ಅದಕ್ಕೆ ಅನುಕೂಲವಾದದ್ದು ಸುಮಾರು 28ರಿಂದ 30 ಡಿಗ್ರಿಯ ಬೆಚ್ಚನೆ ಮತ್ತು ಕಾಳಿನಲ್ಲಿ ಸಾಕಷ್ಟು ತೇವ. ತೇವ ನೂರಕ್ಕೆ 10ಕ್ಕಿಂತ ಕೆಳಗಿಳಿದರೆ ಅದರ ಸಂತಾನ ಬಹಳ ಕುಗ್ಗುತ್ತದೆ. ಅಂದರೆ ಹುಳು ಬೀಳುವ ಮೊದಲೇ ಒಣಗಿಸಿಟ್ಟ ಕಾಳಿನಲ್ಲಿ ಕೊಲ್ಲಬೇಕಾದ ಜೀವವೇ ಹುಟ್ಟುವುದು ವಿರಳ. ಹುಳು ಬಿದ್ದ ಅಕ್ಕಿಯನ್ನು ಮೇ ತಿಂಗಳ ಬಿಸಿಲಿಗೆ ಹರವುವುದು ಮಾತ್ರ ಅಹಿಂಸೆಯಲ್ಲ. ಕಾಳಿನೊಳಗಿನ ಮರಿ ಅಲ್ಲಿಯೇ ಬೆಂದು ಸಾಯುತ್ತದೆ. ಕಣ್ಣಿಗೆ ಕಾಣದ್ದರಿಂದ ಪಾಪವಿಲ್ಲವೆನ್ನುವವರು ನೀರನ್ನೇಕೆ ಸೋಸಿ ಕುಡಿಯಬೇಕು?

ಪರಿಹಾರವೆಂದು ಜನ ಹಿಡಿದದ್ದೇನು? ಬಿ.ಎಚ್.ಸಿ. ಪುಡಿ ದಶಕಗಳ ಕಾಲ ಇರುವೆಯ ಸಾಲಿಗೂ ಗೋಡೆಯ ಸಂದಿಗೂ ಬಿತ್ತು. 1997ರಲ್ಲಿ ಸರಕಾರವೇ ಅದನ್ನು ನಿಷೇಧಿಸಿತು. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಗುಲಿದೊಡನೆ ಮನುಷ್ಯರನ್ನೂ ಕೊಲ್ಲುವ ಫಾಸ್ಫೀನ್ ಅನಿಲ ಬಿಡುತ್ತದೆ. ಸರಕಾರಿ ಸಂಸ್ಥೆಗಳಿಗೆ ಮತ್ತು ಅನುಮತಿ ಪಡೆದ ಕೀಟನಿಯಂತ್ರಕರಿಗೆ ಹೊರತು ಮಾರಕೂಡದೆಂಬ ನಿಯಮವಿರುವ ಈ ಗುಳಿಗೆಯನ್ನು ಮಲಗುವ ಕೋಣೆಯ ಅಕ್ಕಿಯ ಚೀಲದಲ್ಲಿಡುವುದು ಶುದ್ಧ ಅವಿವೇಕ.

‘ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯ’ ಎಂಬ ಸಮರ್ಥನೆ ಕೂಡಲೇ ಮುಂದೆ ಬರುತ್ತದೆ. ಇದು ಶಾಸ್ತ್ರದ ದುರುಪಯೋಗ. ಅಡುಗೆ ಮಾಡುವಾಗ, ಕಸ ಗುಡಿಸುವಾಗ ಎಚ್ಚರ ವಹಿಸಿದರೂ ಆಗಿಹೋಗುವುದು ಆರಂಭೀ. ಕೊಲ್ಲಲೆಂದೇ ಹಣ ತೆತ್ತು ತಂದು ಕೊಲ್ಲಲೆಂದೇ ಸುರಿದದ್ದು ಸಂಕಲ್ಪೀ. ವಿರೋಧೀ ಹಿಂಸೆಯೆನ್ನೋಣವೆಂದರೆ, ನೀರಿಗಾಗಿ ಬಂದ ತ್ರೀಂದ್ರಿಯ ಇರುವೆ ಯಾರ ಮೇಲೆ ದಂಡೆತ್ತಿ ಬಂದಿದೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕೊಡಲಿ ಖಡ್ಗಗಳೊಡನೆ ವಿಷವನ್ನೂ ಇನ್ನೊಬ್ಬರಿಗೆ ಕೊಡುವುದನ್ನು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಸೇರಿಸಿದೆ. ಕೊಡುವುದೇ ದೋಷವಾದಲ್ಲಿ ಆಳಿನ ಕೈಗೆ ಪಂಪು ಕೊಟ್ಟು ತಾನು ಜಗಲಿಯ ಮೇಲೆ ಕುಳಿತವನು ಹೇಗೆ ಪಾರಾದಾನು?

ಎದುರಿನ ಪಕ್ಷವೂ ನಿರ್ದೋಷಿಯಲ್ಲ. ಕೊಲ್ಲಬಾರದೆಂದು ಏನನ್ನೂ ಮಾಡದೆ ಕೂರುವವರ ಮನೆಯಲ್ಲಿ ಬೇಳೆಯ ಡಬ್ಬಿ ತೆರೆದಿರುತ್ತದೆ, ಎಂಜಲು ರಾತ್ರಿಯಿಡೀ ಬಿದ್ದಿರುತ್ತದೆ. ಸಾವಿರ ಜೀವಗಳಿಗೆ ಆಮಂತ್ರಣವಿತ್ತು ಬಳಿಕ ಕಾಲಡಿ ಹೊಸಕುವುದು ದಯೆಯಲ್ಲ, ಸೋಮಾರಿತನ. ಹಿಂಸೆಯ ಮೂಲ ಪ್ರಮಾದವೆಂದು ತತ್ತ್ವಾರ್ಥಸೂತ್ರಕಾರರು ಹೇಳಿದ್ದು ಇಂಥವರನ್ನೂ ಕುರಿತೇ. ಯತ್ನಾಚಾರವೆಂದರೆ ಕೆಲಸ: ಸುಗ್ಗಿಯ ಕಾಳನ್ನು ಹೊಸದಿರುವಾಗಲೇ ಒಣಗಿಸಿ ಬಿಗಿ ಮುಚ್ಚಳದಲ್ಲಿಡುವುದು, ಹುಳುವಿದ್ದರೆ ಜರಡಿಯಾಡಿ ನೆರಳಿನಲ್ಲಿ ಬಿಡುವುದು, ಮೋರಿಗೆ ಜಾಳಿಗೆ ಹಾಕಿ ಸೋರುವ ನಲ್ಲಿಯನ್ನು ಸರಿಪಡಿಸುವುದು, ಇರುವೆಗಾಗಿ ಹೊರಗೆ ದೂರದಲ್ಲಿ ಒಂದು ಒದ್ದೆ ಬಟ್ಟೆಯಿಡುವುದು.

ಬಸದಿಗಳ ಟ್ರಸ್ಟುಗಳಿಗೂ ಒಂದು ಮಾತು. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳ ಧೂಳು ಕೊಡವಿ ಹೊಸ ವಸ್ತ್ರ ಸುತ್ತುವ ಪದ್ಧತಿ, ಮಳೆಯ ತೇವಕ್ಕೆ ಹುಳು ಹುಟ್ಟುವ ಮೊದಲು ಗ್ರಂಥ ಕಾಯುವ ಉಪಾಯವೂ ಹೌದು. ಪೂಜೆ ಉಳಿದಿದೆ, ಕಪಾಟು ತೆರೆಯುವುದು ನಿಂತಿದೆ. ಧರ್ಮಶಾಲೆಗೆ ವರ್ಷಕ್ಕೊಮ್ಮೆ ವಿಷ ಸಿಂಪಡಿಸಲು ಗುತ್ತಿಗೆ ಕೊಡುವ ಆಡಳಿತ ಮಂಡಳಿಯು ಆ ಖರ್ಚನ್ನು ‘ಸ್ವಚ್ಛತೆ’ ಎಂಬ ಬಾಬತ್ತಿನಲ್ಲಿ ಬರೆಯುತ್ತದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರು ಆ ಬಾಬತ್ತಿನ ಬಿಲ್ಲುಗಳನ್ನು ಕೇಳಿ ನೋಡಲಿ. ಅದೇ ಹಣದಲ್ಲಿ ಎಷ್ಟು ಕಿಟಕಿಗೆ ಜಾಳಿಗೆ, ಎಷ್ಟು ಗೋಡೆಯ ಬಿರುಕಿಗೆ ಗಾರೆ ಬರುತ್ತಿತ್ತೆಂದು ಲೆಕ್ಕ ಹಾಕಲಿ.