ವೀಸಾಕ್ಕಿಂತ ಮೊದಲು ನಾಯಿಯ ಪಂಚಾಂಗ

1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕ ಬೀದರಕ್ಕೆ ಬಂದಿದ್ದ. ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ ಕೊಂಕಣ ತೀರದ ಚೌಲ್‌ನಲ್ಲಿ ಇಳಿದಾಗ ಅವನ ಜತೆ ಒಂದು ಗಂಡು ಕುದುರೆ ಇತ್ತು. ಮಾರಿ ಲಾಭ ಮಾಡಿಕೊಳ್ಳಬೇಕೆಂದು ತಂದ ಕುದುರೆ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಅದನ್ನು ಕಸಿದುಕೊಂಡು, ಒಪ್ಪಲಾಗದ ಷರತ್ತು ಒಡ್ಡಿದ. ಖುರಾಸಾನದ ಹಿರಿಯರೊಬ್ಬರು ನಡುವೆ ಬಂದು ಮಾತಾಡಿದ್ದರಿಂದ ಕುದುರೆ ಮರಳಿ ಸಿಕ್ಕಿತು. ಕೊನೆಗೆ ಅವನು ಅದನ್ನು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಬೀದರದಲ್ಲೇ ಮಾರಿದ. ಈ ಸಂಗತಿಯನ್ನೆಲ್ಲ ಅವನೇ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಸಮುದ್ರ ದಾಟಿ ಬಂದ ಆ ಪ್ರಾಣಿಯ ಒಡೆಯ ಯಾರು, ಬೆಲೆ ಎಷ್ಟು ಎಂದು ಎಲ್ಲರೂ ಕೇಳಿದರು. ಅದರ ಮೈಯಲ್ಲಿ ಯಾವ ರೋಗ ಇರಬಹುದು ಎಂಬ ಪ್ರಶ್ನೆ ಮಾತ್ರ ಅವನ ಬರಹದಲ್ಲಿ ಎಲ್ಲೂ ಬರುವುದಿಲ್ಲ.

ಇಂದು ಗಡಿಯಲ್ಲಿ ಮೊದಲು ಕೇಳುವುದೇ ಆ ಪ್ರಶ್ನೆ. ಬೀದರ, ಭಾಲ್ಕಿ, ಔರಾದದ ಮಕ್ಕಳು ಎಂಜಿನಿಯರಿಂಗ್ ಮುಗಿಸಿ ಜರ್ಮನಿ, ಇಂಗ್ಲೆಂಡ್, ಅಮೆರಿಕ ಎನ್ನುತ್ತಿರುವ ಕಾಲ ಇದು. ಕೆಲವು ಮನೆಗಳಲ್ಲಿ ಇಡೀ ಕುಟುಂಬವೇ ಉದ್ಯೋಗಕ್ಕಾಗಿ ಹೊರಡುತ್ತದೆ. ಆಗ ಅಂಗಳದಲ್ಲಿ ಬಾಲ ಅಲ್ಲಾಡಿಸುತ್ತ ನಿಂತ ನಾಯಿಯನ್ನು ಏನು ಮಾಡುವುದು? ಈ ವಿಚಾರವನ್ನು ನಾವು ಕೊನೆಯ ವಾರಕ್ಕೆ ಇಟ್ಟುಕೊಳ್ಳುತ್ತೇವೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಈ ವಾರ ಹೇಳಬೇಕಾದ ಮುಖ್ಯ ಮಾತು ಅದೇ: ನಾಯಿಯ ಸಿದ್ಧತೆ ವಿದ್ಯಾರ್ಥಿಯ ಪ್ರವೇಶಪತ್ರ ಬರುವ ಮೊದಲೇ ಆರಂಭವಾಗಬೇಕು.

ಏಕೆ ಎಂದು ತಿಳಿಯಲು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಭಾಲ್ಕಿಯ ಹುಡುಗಿಯೊಬ್ಬಳು ಅಕ್ಟೋಬರಿನಲ್ಲಿ ಜರ್ಮನಿಯ ವಿಶ್ವವಿದ್ಯಾಲಯ ಸೇರಬೇಕಾಗಿದೆ. “ಅಪ್ಪಾ, ಮೋತಿಗಿ ಬಿಟ್ಟು ನಾ ಹೋಗಂಗಿಲ್ಲ” ಎಂದು ಹಟ ಹಿಡಿದಿದ್ದಾಳೆ. ಅಪ್ಪನಿಗೂ ಮಗಳ ಜತೆ ಮೋತಿ ಇದ್ದರೆ ಧೈರ್ಯ. ಜುಲೈನಲ್ಲಿ ಪ್ರವೇಶಪತ್ರ ಕೈಗೆ ಬಂತು. ಮನೆಮಂದಿಯೆಲ್ಲ ಪೇಡೆ ಹಂಚಿದರು. ಮರುದಿನ ಪಶುವೈದ್ಯರ ಬಳಿ ಹೋದರೆ ಅವರು ಬೆರಳು ಮಡಚಿ ಲೆಕ್ಕ ಹಾಕಿ, “ನವೆಂಬರಿಗಿಂತ ಮುಂಚೆ ಆಗೋದಿಲ್ಲ” ಎನ್ನುತ್ತಾರೆ. ಅವರು ಹಾಕಿದ ಲೆಕ್ಕ ಯಾವುದು?

ಯುರೋಪಿಯನ್ ಒಕ್ಕೂಟದ ನಿಯಮ ಹೀಗಿದೆ. ಮೊದಲು ನಾಯಿಯ ಚರ್ಮದಡಿ ಮೈಕ್ರೋಚಿಪ್ ಇರಬೇಕು. ಅದು ಅಕ್ಕಿಕಾಳಿನಷ್ಟು ಗಾತ್ರದ ವಸ್ತು. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ 15 ಅಂಕಿಗಳ ಒಂದು ಸಂಖ್ಯೆಯನ್ನು ತೋರಿಸುತ್ತದೆ, ಅಷ್ಟೆ. ಕಳೆದುಹೋದ ನಾಯಿ ಎಲ್ಲಿದೆ ಎಂದು ಇದು ಹೇಳುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ಅದು ತಪ್ಪು. ಚಿಪ್ ಹಾಕಿದ ಮೇಲೆ, ಇಲ್ಲವೇ ಅದೇ ದಿನ, ರೇಬಿಸ್ ಲಸಿಕೆ ಹಾಕಿಸಬೇಕು. ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯಗಳು ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಇಷ್ಟಾದರೂ ಕೂಡಲೇ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು.

ಈಗ ಹಿಂದಕ್ಕೆ ಎಣಿಸಿ ನೋಡಿ. ಅಕ್ಟೋಬರ್ 1ಕ್ಕೆ ಅಲ್ಲಿ ಇಳಿಯಬೇಕಾದರೆ ಜೂನ್ ತಿಂಗಳ ಕೊನೆಗೆ ರಕ್ತ ತೆಗೆದಿರಬೇಕು. ಮೇ ತಿಂಗಳ ಕೊನೆಗೆ ಲಸಿಕೆ ಆಗಿರಬೇಕು. ಚಿಪ್ ಅದಕ್ಕೂ ಮೊದಲು. ರಕ್ತಪರೀಕ್ಷೆಯಲ್ಲಿ 0.5 ಬಾರದೆ ಹೋದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಆದ್ದರಿಂದ ಜನವರಿ–ಫೆಬ್ರವರಿಯಲ್ಲೇ ಕೆಲಸ ಹಿಡಿಯುವುದು ಜಾಣತನ. ಪ್ರವೇಶ ಸಿಗುತ್ತದೋ ಇಲ್ಲವೋ ಎಂದು ಕಾಯಬೇಕಾಗಿಲ್ಲ. ಒಮ್ಮೆ ಪಾಸಾದ ಈ ರಕ್ತಪರೀಕ್ಷೆ, ಮುಂದಿನ ಲಸಿಕೆಗಳನ್ನು ಒಂದು ದಿನವೂ ತಪ್ಪದಂತೆ ಹಾಕಿಸುತ್ತಿದ್ದರೆ, ಯುರೋಪಿಯನ್ ಒಕ್ಕೂಟದ ಮಟ್ಟಿಗೆ ನಾಯಿಯ ಜೀವಮಾನವಿಡೀ ನಡೆಯುತ್ತದೆ. ಈ ವರ್ಷ ಹೋಗದಿದ್ದರೆ ಮುಂದಿನ ವರ್ಷಕ್ಕೂ ಅದೇ ಸಾಕು.

ಇಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ನಾಯಿಗೆ ವರ್ಷವರ್ಷ ಲಸಿಕೆ ಹಾಕಿಸಿರುತ್ತಾರೆ, ಪುಸ್ತಕವೂ ಇರುತ್ತದೆ. ಆದರೆ ಚಿಪ್ ಇರುವುದಿಲ್ಲ. ಚಿಪ್ ಹಾಕುವ ಮೊದಲು ಪಡೆದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ಆ ಲಸಿಕೆ ಇದೇ ನಾಯಿಗೆ ಬಿದ್ದಿದೆ ಎಂಬುದಕ್ಕೆ ಅಲ್ಲಿನ ಅಧಿಕಾರಿಗೆ ಆಧಾರವಿಲ್ಲ. ಚಿಪ್ ಹಾಕಿಸಿ ಮತ್ತೆ ಲಸಿಕೆ ಹಾಕಿಸಿ ಎಣಿಕೆಯನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಚಿಪ್ ಸಂಖ್ಯೆ ಲಸಿಕೆ ಪುಸ್ತಕದಲ್ಲಿ, ರಕ್ತಪರೀಕ್ಷೆಯ ವರದಿಯಲ್ಲಿ, ಆರೋಗ್ಯ ಪ್ರಮಾಣಪತ್ರದಲ್ಲಿ ಒಂದೇ ತೆರನಾಗಿರಬೇಕು. 15 ಅಂಕಿಗಳಲ್ಲಿ ಒಂದು ಆಚೀಚೆಯಾದರೂ ವಿಮಾನ ನಿಲ್ದಾಣದಲ್ಲಿ ಅದು ಬೇರೆಯೇ ನಾಯಿ. ಈ ಸಂಖ್ಯೆಗಳನ್ನು ತಾಳೆ ನೋಡುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ಒಪ್ಪಿಸಿ. ತನ್ನ ಅಂಕಪಟ್ಟಿಯಲ್ಲಿ ಹೆಸರಿನ ಅಕ್ಷರ ತಪ್ಪಿದರೆ ಆಗುವ ತೊಂದರೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಮಕ್ಕಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ರೇಬಿಸ್ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59 ಸಾವಿರ ಜನ ಇದರಿಂದ ಸಾಯುತ್ತಾರೆಂದು ಅಂದಾಜು. ಅವರಲ್ಲಿ ಮಕ್ಕಳೂ ಬಹಳ. ಬ್ರಿಟನ್ 20ನೇ ಶತಮಾನದ ಆರಂಭದಲ್ಲಿ ಈ ರೋಗವನ್ನು ತನ್ನ ನೆಲದಿಂದ ತೊಲಗಿಸಿತ್ತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಸೈನಿಕರು ಕದ್ದು ಜತೆಗೆ ತಂದ ನಾಯಿಗಳಿಂದ ಅದು ಮತ್ತೆ ಒಳಗೆ ಬಂತು. ಮತ್ತೆ ಅಳಿಸಿಹಾಕಲು 1922ರವರೆಗೆ ಹೆಣಗಬೇಕಾಯಿತು. ಆ ಭಯದಿಂದಲೇ ಹೊರಗಿನಿಂದ ಬಂದ ನಾಯಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುವ ಪದ್ಧತಿ ಅಲ್ಲಿ ದಶಕಗಳ ಕಾಲ ನಡೆಯಿತು. 2000ದಲ್ಲಿ ಅದರ ಜಾಗಕ್ಕೆ ಚಿಪ್, ಲಸಿಕೆ, ರಕ್ತಪರೀಕ್ಷೆಗಳ ವ್ಯವಸ್ಥೆ ಬಂದು, ಸರಿಯಾದ ದಾಖಲೆ ಇದ್ದ ನಾಯಿಗಳಿಗೆ ಆ ಸೆರೆವಾಸ ತಪ್ಪಿತು.

ಮೂರು ತಿಂಗಳ ಕಾಯುವಿಕೆಗೂ ಅರ್ಥವಿದೆ. ಲಸಿಕೆ ಹಾಕುವ ಮೊದಲೇ ಹುಚ್ಚುನಾಯಿ ಕಚ್ಚಿದ್ದರೆ ವೈರಾಣು ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತಿರುತ್ತದೆ. ರೋಗ ಹೊರಬೀಳಲು ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಲಸಿಕೆ ಕೆಲಸ ಮಾಡಿದೆಯೇ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ. ಮೊದಲೇ ಸೋಂಕು ಹೊಕ್ಕಿರಲಿಲ್ಲ ಎಂಬುದನ್ನು ಕಾಲವೇ ಹೇಳಬೇಕು.

ಎಲ್ಲ ದೇಶಗಳ ಲೆಕ್ಕ ಒಂದೇ ಅಲ್ಲ. ಭಾರತದಿಂದ ಬ್ರಿಟನ್ನಿಗೆ ಹೋಗುವ ನಾಯಿಗೂ ಚಿಪ್, ಲಸಿಕೆ, ರಕ್ತಪರೀಕ್ಷೆ, ಮೂರು ತಿಂಗಳ ಕ್ರಮವೇ ಇದೆ. ಅದರ ಮೇಲೆ, ತಲುಪುವುದಕ್ಕೆ 24ರಿಂದ 120 ಗಂಟೆ ಮುಂಚೆ ಲಾಡಿಹುಳುವಿನ ಔಷಧಿಯನ್ನು ವೈದ್ಯರೇ ಕೊಟ್ಟು ದಾಖಲಿಸಬೇಕು. ವಿಮಾನದಲ್ಲಿ ನಮ್ಮ ಜತೆ ಕೂರಿಸಿಕೊಂಡು ಅಲ್ಲಿಗೆ ಹೋಗುವಂತಿಲ್ಲ. ನಾಯಿ ಕಾರ್ಗೋದಲ್ಲೇ ಹೋಗಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಇಲ್ಲಿ ಲಸಿಕೆ ಪಡೆದ ನಾಯಿಗೆ ಕನಿಷ್ಠ 6 ತಿಂಗಳ ವಯಸ್ಸು, ಚಿಪ್, ನಿಗದಿತ ನಮೂನೆಯ ಪ್ರಮಾಣಪತ್ರ, ಮತ್ತು ಇಳಿಯುವ ಊರಿನಲ್ಲಿ ಮಾನ್ಯತೆ ಪಡೆದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಗಡ ಕಾದಿರಿಸುವಿಕೆ ಬೇಕು. ಮಾನ್ಯ ರಕ್ತಪರೀಕ್ಷೆ ಇಲ್ಲದಿದ್ದರೆ ಅದೇ ಕೇಂದ್ರದಲ್ಲಿ 28 ದಿನ ಕಳೆಯಬೇಕು, ಆ ಖರ್ಚು ಒಡೆಯನದೇ. ಜಪಾನಿನಲ್ಲಿ ಎರಡು ಲಸಿಕೆ, ರಕ್ತಪರೀಕ್ಷೆ, ಆಮೇಲೆ 180 ದಿನಗಳ ಕಾಯುವಿಕೆ. ಆಸ್ಟ್ರೇಲಿಯಕ್ಕೆ ಭಾರತದಿಂದ ನೇರವಾಗಿ ನಾಯಿ ಒಯ್ಯಲು ಬರುವುದಿಲ್ಲ. ತಳಿಯನ್ನೂ ನೋಡಿಕೊಳ್ಳಬೇಕು: ಪಿಟ್‌ಬುಲ್‌ನಂಥ ತಳಿಗಳಿಗೆ ಜರ್ಮನಿ, ಬ್ರಿಟನ್ ಎರಡೂ ಬಾಗಿಲು ಮುಚ್ಚಿವೆ. ಮೊಂಡು ಮೂಗಿನ ಪಗ್ ಜಾತಿಯ ನಾಯಿಗಳಿಗೆ ವಿಮಾನದಲ್ಲಿ ಉಸಿರಾಟದ ತೊಂದರೆಯಾಗುವ ಕಾರಣ ಅನೇಕ ವಿಮಾನ ಕಂಪನಿಗಳು ಒಪ್ಪುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವರ್ಷದ ನಿಯಮವನ್ನು ಆಯಾ ದೇಶದ ಸರಕಾರದಿಂದಲೇ ತಿಳಿದುಕೊಳ್ಳಿ. ಪಕ್ಕದ ಮನೆಯವರು ಐದು ವರ್ಷದ ಹಿಂದೆ ಒಯ್ದ ರೀತಿ ಇಂದಿಗೆ ನಡೆಯಲಿಕ್ಕಿಲ್ಲ.

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರದ ನಂದಿನಗರದಲ್ಲೇ ಇದೆ. ಪಶುವೈದ್ಯಕೀಯ ಕಾಲೇಜೂ ಅಲ್ಲೇ. ಇದೇ ವಿಶ್ವವಿದ್ಯಾಲಯದ ಬೆಂಗಳೂರು ಹೆಬ್ಬಾಳದ ಕಾಲೇಜಿನಲ್ಲಿ ರೇಬಿಸ್ ಪತ್ತೆಯ ಹೆಸರಾಂತ ಪ್ರಯೋಗಾಲಯವಿದೆ. ಭಾಲ್ಕಿ, ಔರಾದದವರು ಮೊದಲು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಬೇಕಿದ್ದರೆ ಬೀದರಕ್ಕೆ ಬರಬಹುದು. ಆದರೆ ರಕ್ತ ಕೊಡುವ ಮೊದಲು, ನೀವು ಹೋಗುವ ದೇಶ ಯಾವ ಪ್ರಯೋಗಾಲಯದ ವರದಿಯನ್ನು ಒಪ್ಪುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಕೊನೆಯ ಮುದ್ರೆ ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯದು. ನಮಗೆ ಹತ್ತಿರದ ಕಚೇರಿ ಹೈದರಾಬಾದಿನದು. ಪಶುವೈದ್ಯರ ಪ್ರಮಾಣಪತ್ರ ನೋಡಿ, ನಾಯಿಯನ್ನು ಪರೀಕ್ಷಿಸಿ, ರಫ್ತಿನ ಆರೋಗ್ಯ ಪ್ರಮಾಣಪತ್ರ ಕೊಡುವವರು ಅವರೇ. ಯುರೋಪಿಗೆ ಹೋಗುವಾಗ ಈ ಪತ್ರ ಕೊಟ್ಟ 10 ದಿನಗಳೊಳಗೆ ಅಲ್ಲಿ ಇಳಿಯಬೇಕು. ಹೀಗಾಗಿ ಜಹೀರಾಬಾದ್ ದಾರಿಯಲ್ಲಿ ಹೈದರಾಬಾದಿಗೆ ಹೋಗುವ ದಿನವನ್ನೂ ವಿಮಾನದ ದಿನವನ್ನೂ ಒಟ್ಟಿಗೇ ಗೊತ್ತುಮಾಡಿ.

ಕಾಗದಪತ್ರದಷ್ಟೇ ಮುಖ್ಯವಾದದ್ದು ಪೆಟ್ಟಿಗೆ. ನಾಯಿ ಅದರೊಳಗೆ ತಲೆ ತಗ್ಗಿಸದೆ ನಿಲ್ಲುವಂತೆ, ಸುತ್ತ ತಿರುಗುವಂತೆ, ಕಾಲು ಚಾಚಿ ಮಲಗುವಂತೆ ಇರಬೇಕು. ಗಾಳಿಯಾಡುವ ಕಿಂಡಿ, ಗಟ್ಟಿ ಬಾಗಿಲು, ಹೊರಗಿನಿಂದಲೇ ನೀರು ಹಾಕಲು ಬರುವ ಬಟ್ಟಲು ಬೇಕು. ಹೊರಡುವ ಹಿಂದಿನ ದಿನ ಇದರೊಳಗೆ ದೂಡಿದರೆ ನಾಯಿ ಹೆದರಿ ಹುಚ್ಚೆದ್ದು ಹೋಗುತ್ತದೆ. ಎರಡು ತಿಂಗಳು ಮೊದಲೇ ಬಾಗಿಲು ತೆಗೆದು ಪಡಸಾಲೆಯಲ್ಲಿಡಿ. ಅದರ ಹಳೆಯ ಚಾದರ ಹಾಸಿ, ರೊಟ್ಟಿಯನ್ನು ಅದರೊಳಗೇ ಹಾಕಿ. ದಿನಕಳೆದಂತೆ ತಾನಾಗಿ ಒಳಗೆ ಹೋಗಿ ಮಲಗುತ್ತದೆ. ಆಮೇಲೆ ಐದು ನಿಮಿಷ ಬಾಗಿಲು ಹಾಕಿ, ನಂತರ ಅರ್ಧ ಗಂಟೆ, ಹೀಗೆ ರೂಢಿ ಮಾಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಏರುವ ಬಿಸಿಲಿನಲ್ಲಿ ಈ ಅಭ್ಯಾಸ ಬೇಡ, ಬೆಳಗಿನ ಹೊತ್ತು ಮಾಡಿಸಿ. ದಾರಿಯುದ್ದಕ್ಕೂ ನಿದ್ದೆ ಮಾಡಲಿ ಎಂದು ಮತ್ತಿನ ಔಷಧಿ ಕೊಡುವುದು ಅಪಾಯ. ಎತ್ತರದಲ್ಲಿ ರಕ್ತದೊತ್ತಡ, ಉಸಿರಾಟ ಏರುಪೇರಾದರೆ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ.

ಪಂಜರದ ಗಿಳಿ, ತೊಟ್ಟಿಯ ನಕ್ಷತ್ರ ಆಮೆಯನ್ನೂ ಒಯ್ಯಬಹುದೇ ಎಂದು ಕೇಳುವ ಮಕ್ಕಳಿದ್ದಾರೆ. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಮನೆಯಲ್ಲಿಡುವುದೇ ಅಪರಾಧವಾದ ಮೇಲೆ ಗಡಿ ದಾಟಿಸುವ ಮಾತೆಲ್ಲಿ? ಮನೆಯಲ್ಲಿ ಅಂಥದ್ದಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ.

ಇನ್ನು ಪಾಲಕರು ಮತ್ತು ಮಕ್ಕಳು ಎದುರು ಕುಳಿತು ಮಾತಾಡಬೇಕಾದ ವಿಷಯ. ಎಲ್ಲ ನಿಯಮ ಪಾಲಿಸಬಹುದು ಎಂದ ಮಾತ್ರಕ್ಕೆ ಒಯ್ಯಲೇಬೇಕು ಎಂದಲ್ಲ. ಇಡೀ ಕುಟುಂಬ ಹೋಗಿ ನೆಲೆಸುವುದಾದರೆ ನಾಯಿಯನ್ನು ಬಿಟ್ಟು ಹೋಗುವುದು ಅನ್ಯಾಯ. ಆದರೆ ಎರಡು ವರ್ಷದ ಓದಿಗೆ ಒಬ್ಬಳೇ ಹೋಗುವ ಹುಡುಗಿಯ ಸ್ಥಿತಿ ಬೇರೆ. ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ನಾಯಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಬಾಡಿಗೆ ಕೋಣೆಗೆ ಮನೆಯೊಡೆಯರ ಒಪ್ಪಿಗೆ ಬೇಕು. ಜರ್ಮನಿಯ ಊರುಗಳಲ್ಲಿ ನಾಯಿ ಸಾಕಲು ತೆರಿಗೆ ಕಟ್ಟಬೇಕು. ಅವಳು ತರಗತಿ, ಗ್ರಂಥಾಲಯ, ಅರೆಕಾಲಿಕ ಕೆಲಸ ಎಂದು ದಿನವಿಡೀ ಹೊರಗಿದ್ದರೆ, ಭಾಲ್ಕಿಯ ಅಂಗಳದಲ್ಲಿ ಹತ್ತು ಮಂದಿಯ ನಡುವೆ ಬೆಳೆದ ಮೋತಿ ಒಂದೇ ಕೋಣೆಯಲ್ಲಿ ಬಾಗಿಲು ನೋಡುತ್ತ ಕೂರಬೇಕು. ಮರಳಿ ಭಾರತಕ್ಕೆ ತರುವಾಗಲೂ ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರ ಮೊದಲೇ ಪಡೆಯಬೇಕು. ಇದು ಪ್ರೀತಿಯೋ, ನಮ್ಮ ಒಂಟಿತನಕ್ಕೆ ಹುಡುಕಿಕೊಂಡ ಮದ್ದೋ ಎಂದು ಮಗಳೇ ಯೋಚಿಸಲಿ. ಅವಳ ಮೇಲೆ ನಿರ್ಧಾರ ಹೇರಬೇಡಿ, ಲೆಕ್ಕವನ್ನೆಲ್ಲ ಮುಂದಿಡಿ.

ಮನೆಯಲ್ಲೇ ಬಿಡುವುದೆಂದು ತೀರ್ಮಾನವಾದರೆ ಅದಕ್ಕೂ ಸಿದ್ಧತೆ ಬೇಕು. ದಿನಾ ಊಟ ಹಾಕುವವರು, ತಿರುಗಾಡಿಸುವವರು, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಒಯ್ಯುವವರು ಯಾರೆಂದು ಹೆಸರು ಹಿಡಿದು ಗೊತ್ತುಮಾಡಬೇಕು. ಅಜ್ಜಿಗೆ ಎಪ್ಪತ್ತಾಗಿದ್ದರೆ ಎಳೆದಾಡುವ ನಾಯಿಯನ್ನು ಅವರ ಕೈಗೆ ಕೊಡುವುದು ಸರಿಯಲ್ಲ. ಮಗಳು ಹೊರಡುವ ಆರು ತಿಂಗಳು ಮೊದಲೇ ಆ ಹೊಣೆ ಹೊರುವವರು ಕೆಲಸ ಶುರು ಮಾಡಿದರೆ ನಾಯಿ ಕೊರಗುವುದು ಕಡಿಮೆ. ಊರ ಹೊರಗೆ ಒಯ್ದು ಬಿಟ್ಟುಬರುವುದು ಮಾತ್ರ ಬೇಡ. ಹಾಗೆ ಬಿಟ್ಟ ನಾಯಿ ಲಸಿಕೆ ತಪ್ಪಿ, ಹಸಿದು, ಮುಂದೊಂದು ದಿನ ಶಾಲೆಗೆ ಹೋಗುವ ಯಾರದೋ ಮಗುವನ್ನು ಕಚ್ಚುತ್ತದೆ.

ಒಯ್ಯುವವರೂ ಬಿಡುವವರೂ ಈ ಭಾನುವಾರ ಮಾಡಬಹುದಾದ ಕೆಲಸ ಒಂದಿದೆ. ನಾಯಿಯ ಲಸಿಕೆ ಪುಸ್ತಕ ತೆಗೆದು ಮೂರು ವಿಷಯ ನೋಡಿ: ಕೊನೆಯ ರೇಬಿಸ್ ಲಸಿಕೆಯ ದಿನಾಂಕ ಯಾವುದು, ಮುಂದಿನದು ಯಾವಾಗ, ಚಿಪ್ ಸಂಖ್ಯೆ ಇದೆಯೇ. ಪುಸ್ತಕವೇ ಸಿಗದಿದ್ದರೆ ಸೋಮವಾರ ಬೆಳಿಗ್ಗೆ ಪಶು ಆಸ್ಪತ್ರೆಗೆ ಹೋಗಿ.