ಆವರಣದ ಮುಂದಿನ ಋಣಚಿಹ್ನೆ

ನಮ್ಮ ಬಾಲಿಕೆಯರಲ್ಲಿ ಅನೇಕರು ಗಣಿತದ ಮೇಲೆ ಆಸೆಬಿಡುವುದು ಕಠಿನವಾದ ಪ್ರಮೇಯಗಳಿಂದಲ್ಲ, 8ನೆಯ ತರಗತಿಯ ಬೀಜಗಣಿತದಲ್ಲಿ ಬರುವ ಒಂದು ಸಣ್ಣ ಆವರಣದಿಂದ ಎಂದರೆ ವಾಚಕರು ನಗಬಹುದು. ಬಹುಕಾಲದಿಂದ ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದಿರುವ ನಮಗಾದರೋ ಅದರಲ್ಲಿ ಸಂದೇಹವಿಲ್ಲ.

20 − 3(ಯಾ − 2) = 11 ಎಂಬ ಸಮೀಕರಣವನ್ನು ನೋಡಿರಿ. (ಅವ್ಯಕ್ತರಾಶಿಯನ್ನು ಭಾಸ್ಕರಾಚಾರ್ಯನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಸಂಕ್ಷೇಪಿಸಿದನು, ನಾವೂ ಇಲ್ಲಿ ಹಾಗೆಯೇ ಬರೆದಿರುವೆವು.) ತರಗತಿಯ ಅರ್ಧದಷ್ಟು ಮಂದಿ ಆವರಣವನ್ನು ಬಿಡಿಸಿ 20 − 3ಯಾ − 6 = 11 ಎಂದು ಬರೆದು, ಯಾ = 1 ಎಂದು ಕೆಳಗೆ ಎರಡು ಗೆರೆಗಳನ್ನೆಳೆಯುತ್ತಾರೆ. ಇನ್ನು ಕೆಲವರು 20ರಿಂದ 3ನ್ನು ಮೊದಲೇ ಕಳೆದು, 17ನ್ನು ಆವರಣದ ಮುಂದೆ ನಿಲ್ಲಿಸುತ್ತಾರೆ. ತಪ್ಪನ್ನು ತೋರಿಸಿದರೆ, ಋಣವನ್ನು ಋಣದಿಂದ ಗುಣಿಸಿದರೆ ಧನವೆಂಬ ಸೂತ್ರವನ್ನು ತಡವರಿಸದೆ ಒಪ್ಪಿಸುತ್ತಾರೆ! ಸೂತ್ರವು ಬಾಯಲ್ಲಿದೆ, ಅರ್ಥವು ಮನಸ್ಸಿಗಿಳಿದಿಲ್ಲ.

ಈ ದೋಷವು ಬಾಲಿಕೆಯರದಲ್ಲ, ಉಪಾಧ್ಯಾಯಿನಿಯರಾದ ನಮ್ಮದು. ನಮಗೆ ಕಲಿಸಿದವರು ಬೆತ್ತವನ್ನು ಮೇಜಿನ ಮೇಲಿಟ್ಟುಕೊಂಡು ಹಾಗೆ ಕಲಿಸಿದರು. ನಾವು ಬೆತ್ತವನ್ನು ಬಿಟ್ಟೆವು, ಕ್ರಮವನ್ನು ಬಿಡಲಿಲ್ಲ. ಒಂದು ದಿನ ಇದೇ ಲೆಕ್ಕದ ಮುಂದೆ ಕಣ್ಣೀರಿಡುತ್ತಿದ್ದ ಒಬ್ಬ ಬಾಲಿಕೆಗೆ, ಬೇರೆ ದಾರಿ ತೋಚದೆ, ಅಂಗಡಿಯ ಮಾತನ್ನು ಹೇಳಿದೆವು. ಕೈಯಲ್ಲಿ 20 ರೂಪಾಯಿ ಇತ್ತು. ಮೂರು ಲೇಖನಿಗಳನ್ನು ಕೊಂಡೆ. ಅಂಗಡಿಯವನು ಒಂದೊಂದರ ಬೆಲೆಯಲ್ಲಿಯೂ 2 ರೂಪಾಯಿ ಬಿಟ್ಟನು. 11 ರೂಪಾಯಿ ಉಳಿಯಿತು. ಅವನು ಬಿಟ್ಟುಕೊಟ್ಟ 6 ರೂಪಾಯಿ ಈಗ ಯಾರಲ್ಲಿದೆ? “ನನ್ನ ಹತ್ತಿರವೇ ಇದೆ, ಟೀಚರ್” ಎಂದಳು. ಮರುಕ್ಷಣವೇ 20 − 3ಯಾ + 6 = 11 ಎಂದು ತಾನೇ ಬರೆದಳು. ಬಳಿಕ 3ಯಾ = 15, ಯಾ = 5. ಆ ಧನಚಿಹ್ನೆಯು ಎಲ್ಲಿಂದ ಬಂದಿತೆಂದು ಅವಳಿಗೆ ಮತ್ತೆಂದೂ ಹೇಳಬೇಕಾಗಲಿಲ್ಲ.

ವಿಭಾಜಕ ನಿಯಮವೆಂಬ ದೊಡ್ಡ ಹೆಸರಿನ ಹಿಂದಿರುವುದು ಇಷ್ಟೇ: ಹೊರಗಿನ ಗುಣಕವು, ತನ್ನ ಚಿಹ್ನೆಯೊಡನೆ, ಒಳಗಿನ ಪ್ರತಿಯೊಂದು ಪದಕ್ಕೂ ಸಲ್ಲತಕ್ಕದ್ದು. ಇದು ಹೊಸತೂ ಅಲ್ಲ. 1150ರಲ್ಲಿ ರಚಿತವಾದ ‘ಲೀಲಾವತಿ’ಯಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕವಿದೆ. 12ನ್ನು 8 ಮತ್ತು 4 ಎಂದು ಒಡೆದರೆ 1080ಕ್ಕೆ 540 ಕೂಡಿ 1620. 20ರಲ್ಲಿ 8 ಕಡಮೆ ಎಂದರೆ 2700ರಿಂದ 1080 ಕಳೆದು ಅದೇ 1620. ಆಚಾರ್ಯನು ಈ ಪ್ರಶ್ನೆಯನ್ನು ಕೇಳುವುದು ಒಬ್ಬ ಬಾಲೆಯನ್ನು ಸಂಬೋಧಿಸಿ. ಹುಡುಗಿಯರಿಗೆ ಬೀಜಗಣಿತವೇಕೆಂದು ನಮ್ಮ ಕೊಠಡಿಗೆ ಬಂದು ಕೇಳುವ ಪೋಷಕರು ಇದನ್ನು ಗಮನಿಸುವರೆಂದು ನಂಬುತ್ತೇವೆ.

ಆವರಣವನ್ನು ಕಂಡೊಡನೆ ಬಿಡಿಸಲೇಬೇಕೆಂಬ ನಿರ್ಬಂಧವೂ ನಮಗೆ ಒಪ್ಪಿಗೆಯಿಲ್ಲ. 3(ಯಾ + 4) = 27 ಎಂದಿರುವಲ್ಲಿ ಎರಡು ಕಡೆಗಳನ್ನೂ 3ರಿಂದ ಭಾಗಿಸಿದರೆ ಯಾ + 4 = 9; ಲೆಕ್ಕವು ಬಾಯಲ್ಲಿಯೇ ಮುಗಿಯುವುದು. 5(ಯಾ − 1) = 2ಯಾ + 10 ಎಂಬಲ್ಲಿ ಅವ್ಯಕ್ತವು ಎರಡು ಕಡೆಯೂ ಇರುವುದರಿಂದ ಬಿಡಿಸುವುದೇ ಸುಗಮ. ಯಾವುದು ಎಲ್ಲಿಗೆಂದು ಬಾಲಿಕೆಯೇ ಆರಿಸಿಕೊಳ್ಳಲಿ. ಹಾಗೆ ಆರಿಸಿದವಳ ಅಂಕವನ್ನು ಕತ್ತರಿಸುವುದು ಅನ್ಯಾಯ.

ಬಂದ ಉತ್ತರವನ್ನು ಸಮೀಕರಣದಲ್ಲಿ ಮತ್ತೆ ಇಟ್ಟು ನೋಡುವ ಅಭ್ಯಾಸವು ಮಾತ್ರ ಎಲ್ಲರಿಗೂ ಬೇಕು. ಯಾ = 1 ಎಂದು ಗೆರೆಯೆಳೆದವಳು ಹಾಗೆ ಮಾಡಿದ್ದರೆ 11ರ ಬದಲು 23 ಬಂದು, ನಮ್ಮ ಕೆಂಪು ಮಸಿಗೆ ಮುಂಚೆ ತಾನೇ ಎಚ್ಚರಗೊಳ್ಳುತ್ತಿದ್ದಳು. ಬರುವ ವರ್ಷದಿಂದ ಈ ಶಾಲೆಯ ಪರೀಕ್ಷೆಗಳಲ್ಲಿ ತಾಳೆನೋಡಿದುದಕ್ಕೆಂದೇ ಒಂದು ಅಂಕವನ್ನು ಮೀಸಲಿಡುವೆವು.