ಹರಿಯಾಣದ ಭತ್ತ, ನಮ್ಮ ಅಕ್ಕಡಿ ಸಾಲು

ದೀಪಾವಳಿ ಹತ್ತಿರ ಬಂದ ಹಾಗೆಲ್ಲ ದೆಹಲಿಯಲ್ಲಿ ಒಂದು ಮಾತುಕತೆ ತಪ್ಪದೆ ನಡೆಯುತ್ತೆ. ಆಫೀಸಿನ ಕ್ಯಾಂಟೀನು, ಮೆಟ್ರೋ, ಸೊಸೈಟಿಯ ಪಾರ್ಕು, ಕೊನೆಗೆ ಕರ್ನಾಟಕ ಸಂಘದಲ್ಲಿ ನಾಟಕ ಶುರುವಾಗೋ ಮುಂಚಿನ ಕಾಫಿ ಹೊತ್ತಲ್ಲೂ ಅದೇ. ಕಣ್ಣುರಿ, ಗಂಟಲು ಕೆರೆತ, ಮಕ್ಕಳ ಇನ್‌ಹೇಲರ್, ಏರ್ ಪ್ಯೂರಿಫೈಯರ್ ರೇಟು. ಆಮೇಲೆ ಯಾರಾದರೊಬ್ಬರು ತೀರ್ಪು ಕೊಡ್ತಾರೆ: "ಹರಿಯಾಣ, ಪಂಜಾಬಲ್ಲಿ ಭತ್ತ ಬೆಳೆಯೋದೇ ತಪ್ಪು ಕಣ್ರೀ. ಅದು ಅಲ್ಲಿನ ಬೆಳೆಯೇ ಅಲ್ಲ. ರೊಟ್ಟಿ ತಿನ್ನೋ ಜನಕ್ಕೆ ಭತ್ತ ಯಾಕೆ? ಹುಲ್ಲಿಗೆ ಬೆಂಕಿ ಇಟ್ಟು ನಮ್ಮನ್ನ ಸಾಯಿಸ್ತಾರೆ." ಎಲ್ಲರೂ ತಲೆ ಆಡಿಸ್ತಾರೆ. ಇಪ್ಪತ್ತೈದು ವರ್ಷಕ್ಕೂ ಮೇಲಾಯ್ತು ನಾನು ಈ ಊರಿಗೆ ಬಂದು. ಹೊಗೆ ಹೆಚ್ಚಾದ ಹಾಗೆ ತೀರ್ಪಿನ ದನಿಯೂ ಜೋರಾಗಿದೆ.

ಹೊಗೆಯಲ್ಲಿ ನಮ್ಮ ಕಾರು, ಕಟ್ಟಡದ ಧೂಳು, ಕಾರ್ಖಾನೆ ಎಲ್ಲದರ ಪಾಲೂ ಇದೆ, ಅದು ಹಾಗಿರಲಿ. ನಾನು ಹೇಳಬೇಕು ಅಂತಿರೋದು "ಅದು ಅಲ್ಲಿನ ಬೆಳೆಯೇ ಅಲ್ಲ" ಅನ್ನೋ ಮಾತಿನ ಬಗ್ಗೆ. ಯಾಕಂದ್ರೆ ಹರಿಯಾಣದ ಮಣ್ಣು ಬೇರೆಯೇ ಹೇಳುತ್ತೆ.

ರಾಖಿಗಢಿ ಹೆಸರು ಕೇಳಿರ್ತೀರಿ. ದೆಹಲಿಯಿಂದ ಸುಮಾರು 150 ಕಿಲೋಮೀಟರ್, ಹಿಸಾರ್ ಜಿಲ್ಲೆ, ಸಿಂಧೂ ನಾಗರಿಕತೆಯ ಬಹುದೊಡ್ಡ ನೆಲೆಗಳಲ್ಲೊಂದು. 2019ರಲ್ಲಿ ಅಲ್ಲಿ ಸಿಕ್ಕ ಒಬ್ಬ ಹೆಂಗಸಿನ ಅಸ್ಥಿಯ ಡಿಎನ್‌ಎ ವರದಿ ಬಂದಾಗ ಟೀವಿಯವರು ವಾರಗಟ್ಟಲೆ ಕಿರುಚಾಡಿದರು. ಆರ್ಯರೋ ದ್ರಾವಿಡರೋ, ಯಾರು ಯಾರ ಪೂರ್ವಜರು... ಆ ಹೆಂಗಸು ಊಟಕ್ಕೆ ಏನು ಮಾಡ್ಕೋತಿದ್ದಳು ಅಂತ ಒಬ್ಬರೂ ಕೇಳಲಿಲ್ಲ!

ಕೇಳಿದವರು ಬೇರೆ ಇದ್ದರು. ಕೇಂಬ್ರಿಡ್ಜ್ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳ ತಂಡ ರಾಖಿಗಢಿಗೆ ಹತ್ತಿರದ ಮಸೂದ್‌ಪುರದಂಥ ಸಣ್ಣ ಹಳ್ಳಿಗಳನ್ನ ಅಗೆಯಿತು. ಊರಿನ ಗೋಡೆ, ಮುದ್ರೆಗಳಿಗಿಂತ ಕಾಳಿನ ಮೇಲೆ ಅವರ ಕಣ್ಣು. ವಿಧಾನ ತುಂಬಾ ಸರಳ. ಅಕ್ಕಿ ತೊಳೆಯುವಾಗ ಜೊಳ್ಳು ಮೇಲೆ ತೇಲುತ್ತಲ್ಲ, ಹಾಗೇ ಅಗೆದ ಮಣ್ಣನ್ನ ನೀರಿಗೆ ಹಾಕಿ ಕದಡಿದರೆ ಸಾವಿರಾರು ವರ್ಷದ ಹಿಂದೆ ಒಲೆಯಲ್ಲಿ ಸುಟ್ಟು ಕರಿಯಾದ ಕಾಳುಗಳು ಮೇಲೆ ಬರುತ್ತವೆ. ಮಣ್ಣಲ್ಲಿ ಕೊಳೆಯದೆ ಉಳಿದಿರೋದು ಅವು ಸುಟ್ಟಿದ್ದರಿಂದಲೇ. ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದನ್ನೂ ಗುರುತಿಸ್ತಾರೆ. ಚಳಿಗಾಲದ ಗೋಧಿ, ಬಾರ್ಲಿ ಇದ್ದವು, ಅದು ನಿರೀಕ್ಷಿತವೇ. ಜೊತೆಗೆ ಮಳೆಗಾಲದ ಊದಲು ಜಾತಿಯ ಕಿರುಧಾನ್ಯ, ಹೆಸರು, ಉದ್ದು, ಹುರಳಿ. ಮತ್ತೆ ಭತ್ತ!

2016ರಲ್ಲಿ ಇದು ಪ್ರಕಟವಾಯಿತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹಿಸಾರಿನ ಪಕ್ಕದಲ್ಲೇ ಭತ್ತ ಇತ್ತು. ಹಾಗಂತ ಹರಿಯಾಣದ ಕಣಜ ತುಂಬಾ ಭತ್ತ ಅಂತಲ್ಲ. ವರ್ಷಕ್ಕೆ ಸುಮಾರು 450 ಮಿಲಿಮೀಟರ್ ಮಳೆ ಬೀಳೋ ಊರು ಹಿಸಾರು. ಇವತ್ತು ಕೊಳವೆಬಾವಿ, ಕಾಲುವೆ ಇದೆ, ಅವರಿಗೆ ಅದಿರಲಿಲ್ಲ. ಭತ್ತ ಹತ್ತರಲ್ಲಿ ಒಂದಾಗಿತ್ತು. ಮಳೆ ಚೆನ್ನಾಗಿ ಬಂದ ವರ್ಷ ಅದಕ್ಕೆ ಸುಗ್ಗಿ, ಬಾರದ ವರ್ಷ ಊದಲು, ಹುರಳಿ ಕೈ ಹಿಡಿಯುತ್ತಿದ್ದವು. ಅದೂ ಕೈಕೊಟ್ಟರೆ ಚಳಿಗಾಲದ ಬಾರ್ಲಿ. ಹಾಗಾಗಿ ಭತ್ತವನ್ನ ಹೊರಗಿನದು ಅಂತ ಬಯ್ಯೋದು ಸುಳ್ಳು ಆರೋಪ. ಹೊಸದಾಗಿರೋದು ಭತ್ತ ಒಂಟಿಯಾಗಿ ನಿಂತಿರೋದು.

ಈಗ ಎನ್‌ಸಿಆರ್ ಒಳಗೇ ಇರೋ ಇನ್ನೊಂದು ಜಾಗ ನೋಡಿ. ಗುರ್‌ಗಾಂವಿನಿಂದ ದಕ್ಷಿಣಕ್ಕೆ ಸೋಹ್ನಾ ದಾಟಿ ಹೋದರೆ ನೂಹ್ ಜಿಲ್ಲೆ. ಅಲ್ಲಿ ಅರಾವಳಿಯ ಬುಡದಲ್ಲಿ ಕೋಟ್ಲಾ ದಹರ್ ಅಂತ ಒಂದು ಹಳೇ ಕೆರೆಯ ಪಾತ್ರ. ಈಗ ಮಳೆಗಾಲದಲ್ಲಿ ಒಂದಷ್ಟು ನೀರು ನಿಂತರೆ ಉಂಟು. ಅಲ್ಲಿನ ಕೆಸರಿನ ಪದರಗಳಲ್ಲಿ ಹೂತಿದ್ದ ಬಸವನಹುಳುವಿನ ಚಿಪ್ಪುಗಳನ್ನ ಪರೀಕ್ಷೆ ಮಾಡಿದರು. ಕೆರೆಗೆ ಮಳೆನೀರು ಎಷ್ಟು ಬಂತು, ಬಿಸಿಲಿಗೆ ಎಷ್ಟು ಆವಿಯಾಯ್ತು ಅನ್ನೋದು ಚಿಪ್ಪಿನ ಆಮ್ಲಜನಕದಲ್ಲಿ ದಾಖಲಾಗಿರುತ್ತೆ. ಸುಮಾರು 4,100 ವರ್ಷದ ಹಿಂದೆ ಈ ಭಾಗದ ಮುಂಗಾರು ಇದ್ದಕ್ಕಿದ್ದ ಹಾಗೆ ಕ್ಷೀಣಿಸಿತು ಅಂತ ಗೊತ್ತಾಯ್ತು. 2014ರಲ್ಲಿ ಬಂದ ಅಧ್ಯಯನ ಇದು.

ಮಳೆ ಕೈಕೊಟ್ಟಾಗ ಈ ಜನ ಏನು ಮಾಡಿದರು? ನನಗೆ ತುಂಬಾ ಹಿಡಿಸಿದ ವಿಷಯ ಇದೇ. ಬರ ಬಂತು ಅಂತ ಗಾಬರಿಯಾಗಿ ಅವರು ಬೆಳೆ ಬದಲಿಸಿದಂತೆ ಕಾಣೋದಿಲ್ಲ ಅಂತಾರೆ ಆ ತಂಡದವರು. ಬದಲಿಸೋ ಅಗತ್ಯವೇ ಇಲ್ಲದ ಹಾಗೆ ಮುಂಚೆಯೇ ಬಗೆಬಗೆಯ ಬೆಳೆ ಇಟ್ಕೊಂಡಿದ್ದರು. ದೊಡ್ಡ ನಗರಗಳು ಕರಗಿದವು, ಅದು ನಿಜ. ಆದರೆ ಹಳ್ಳಿಗಳು ಪೂರ್ವಕ್ಕೆ, ಯಮುನೆಯಾಚೆಗೂ ಹಬ್ಬಿದವು. ಮೀರತ್ ಹತ್ತಿರದ ಆಲಂಗೀರ್‌ಪುರವೂ ಅಂಥ ಒಂದು ಊರು, ಅದೂ ನಮ್ಮ ಎನ್‌ಸಿಆರ್. ಅವರನ್ನ ದೇವರು ಮಾಡೋದು ಬೇಡ. ಅವರ ಜನಸಂಖ್ಯೆ ಎಷ್ಟು, ನಮ್ಮದೆಷ್ಟು! ಆದರೂ ಛತ್ರಿಯನ್ನ ಮಳೆ ಬಂದ ಮೇಲೆ ಹುಡುಕುವವರಿಗಿಂತ ವಾಸಿ.

ಇನ್ನು ರಾಜಸ್ಥಾನದ ಕಾಳಿಬಂಗನ್. ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ 1960ರ ದಶಕದಲ್ಲಿ ಅಗೆದ ಜಾಗ. ಊರಿನ ಕೋಟೆಯ ಹೊರಗೆ ಅವರಿಗೆ ಒಂದು ಉತ್ತ ಹೊಲವೇ ಸಿಕ್ಕಿತು. ಕ್ರಿಸ್ತಪೂರ್ವ 2800ರ ಆಸುಪಾಸಿನದು. ನೇಗಿಲ ಗೆರೆಗಳು ಹಾಗೇ ಇದ್ದವು. ಒಂದು ದಿಕ್ಕಿನ ಸಾಲುಗಳು ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ. ಅವಕ್ಕೆ ಅಡ್ಡವಾಗಿ ಇನ್ನೊಂದು ದಿಕ್ಕಿನಲ್ಲಿ 190 ಸೆಂಟಿಮೀಟರಿಗೆ ಒಂದು. ಚೌಕುಳಿ ಚೌಕುಳಿ. ಯಾಕೆ ಹೀಗೆ ಅಂತ ತಲೆ ಕೆರೆದುಕೊಂಡವರಿಗೆ ಉತ್ತರ ಸಿಕ್ಕಿದ್ದು ಪಕ್ಕದ ಹೊಲದಲ್ಲೇ. ಆಗಲೂ ಅಲ್ಲಿನ ರೈತರು ಅದೇ ಥರ ಉತ್ತು, ಒತ್ತು ಸಾಲಿಗೆ ಬೇಳೆಕಾಳು, ಬಿಡಿ ಸಾಲಿಗೆ ಸಾಸಿವೆ ಹಾಕುತ್ತಿದ್ದರು. ಎತ್ತರದ ಸಾಸಿವೆಯ ನೆರಳು ಗಿಡ್ಡ ಕಾಳಿನ ಮೇಲೆ ಬೀಳದಷ್ಟು ಅಂತರ.

ಹಳೇ ಮೈಸೂರು ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಅಕ್ಕಡಿ ಸಾಲು ರೀ ಇದು! ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ, ಹಿಂದೆ ಸಡ್ಡೆ ಹಿಡಿದವರು ಇಷ್ಟಿಷ್ಟು ಸಾಲಿಗೊಂದು ಅಕ್ಕಡಿ ಬಿಡೋರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ನಡುನಡುವೆ ನಾಲ್ಕು ಜೋಳ, ಅಂಚಿಗೆ ಹರಳು. ರಾಗಿ ಬೇರು ಮೇಲ್ಮಣ್ಣಿನಲ್ಲಿ, ತೊಗರಿ ಬೇರು ಆಳದಲ್ಲಿ, ನೀರಿಗೆ ಜಗಳ ಕಡಿಮೆ. ಅವರೆ, ತೊಗರಿ ಗಾಳಿಯ ಸಾರಜನಕವನ್ನ ಮಣ್ಣಿಗೆ ತರುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ರಾಗಿ ಕೊಯ್ದಾದ ಮೇಲೂ ಅವರೆ ಹೊಲದಲ್ಲೇ ನಿಂತು, ಮಾಗಿಯ ಇಬ್ಬನಿ ಕುಡಿದು ಸೊಗಡು ಕಟ್ಟುತ್ತೆ. ಸಂಕ್ರಾಂತಿ ಹೊತ್ತಿಗೆ ಹಿತಕಿದ ಬೇಳೆ. ಒಂದೇ ಹೊಲ ಐದಾರು ತಿಂಗಳು ಕಂತಿನಲ್ಲಿ ಊಟ ಹಾಕುತ್ತಿತ್ತು.

ಇದು ಹೋಗಿದ್ದು ರೈತರಿಗೆ ಬುದ್ಧಿ ಇಲ್ಲದ್ದರಿಂದ ಅಲ್ಲ. ಆಳು ಸಿಗೋದಿಲ್ಲ. ಯಂತ್ರಕ್ಕೆ ಒಂದೇ ಎತ್ತರದ, ಒಂದೇ ದಿನ ಮಾಗೋ ಪೈರು ಬೇಕು. ಅಗಲ ಎಲೆಯ ಕಳೆ ಕೊಲ್ಲೋ ಔಷಧಿಗೆ ಕಳೆಗೂ ಅವರೆಗೂ ವ್ಯತ್ಯಾಸ ಗೊತ್ತಿಲ್ಲ. ಇನ್ನು "ಎಕರೆಗೆ ಎಷ್ಟು ಕ್ವಿಂಟಲ್ ರಾಗಿ?" ಅಂತ ಅಳೆಯೋಕೆ ನಿಂತರೆ ಅಕ್ಕಡಿ ಹೊಲ ಸೋತೇ ಸೋಲುತ್ತೆ. ಅಲ್ಲಿ ರಾಗಿ ಜಾಗವನ್ನ ಬೇರೆಯವರಿಗೂ ಬಿಟ್ಟಿರುತ್ತಲ್ಲ!

ಇಲ್ಲಿ ನಮ್ಮ ಕನ್ನಡಿಗರ ಹೆಮ್ಮೆಗೂ ಒಂದು ಚಿವುಟು. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನೆಲೆಗಳಲ್ಲಿ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಹೀಗೇ ಸುಟ್ಟ ಕಾಳು ಹುಡುಕಿದರು. ಅಲ್ಲಿನ ನವಶಿಲಾಯುಗದ ಜನರ ಮುಖ್ಯ ಬೆಳೆ ರಾಗಿ ಅಲ್ಲ. ಕೊರಲೆ, ಹುರಳಿ, ಹೆಸರು. ರಾಗಿ ಆಫ್ರಿಕಾದಿಂದ ಬಂದದ್ದು, ಜೋಳವೂ ಅಷ್ಟೇ. ಸಂಗನಕಲ್ಲಿನಲ್ಲಿ ಉತ್ತರದ ಗೋಧಿ, ಬಾರ್ಲಿಯೂ ಒಂದಿಷ್ಟು ಸಿಕ್ಕಿವೆ. ನಾವು ಕೆಲಸ ಹುಡುಕಿ ದೆಹಲಿಗೆ ಬರೋದಕ್ಕೆ ಎಷ್ಟೋ ಮುಂಚೆ ಗೋಧಿ ನಮ್ಮೂರಿಗೆ ವಲಸೆ ಬಂದಿತ್ತು ಅಂತಾಯ್ತು. ಹಾಗಾಗಿ ಗುರ್‌ಗಾಂವಿನ ಮಾಲುಗಳಲ್ಲಿ "ಪ್ರಾಚೀನ ಧಾನ್ಯ" ಅಂತ ಲೇಬಲ್ ಅಂಟಿಸಿ ರಾಗಿ ಬಿಸ್ಕತ್ತು ಮಾರೋದು ನೋಡಿದರೆ ನಗು ಬರುತ್ತೆ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿದ ಮೇಲಂತೂ ಕೇಳಲೇಬೇಡಿ. ಭತ್ತ ಕಿತ್ತು ಆ ಜಾಗದಲ್ಲಿ ನೂರು ಎಕರೆ ಬರೀ ನವಣೆ ಹಾಕಿದರೆ, ಒಂಟಿ ಬೆಳೆ ಹೋಗಿ ಇನ್ನೊಂದು ಒಂಟಿ ಬೆಳೆ ಬಂತು, ಅಷ್ಟೇ. ಹಳೇ ಹೊಲಗಳಿಂದ ಕಲಿಯಬೇಕಾದ್ದು ಬೀಜದ ಜಾತಕ ಅಲ್ಲ, ಬೆಳೆಗಳ ಕೂಟ.

ಮತ್ತೆ ಹೊಗೆಯ ವಿಷಯಕ್ಕೆ ಬರೋಣ. ಪಂಜಾಬ್, ಹರಿಯಾಣದ ರೈತ ಭತ್ತ-ಗೋಧಿ ಹಿಡಿದದ್ದು ದೇಶ ಹಸಿದಿದ್ದಾಗ ಸರ್ಕಾರವೇ ಹೇಳಿದ್ದಕ್ಕೆ. ಬೆಂಬಲ ಬೆಲೆಗೆ ಖಾತ್ರಿಯಾಗಿ ಕೊಳ್ಳೋದೂ ಅವೆರಡನ್ನೇ. ಕೊಳವೆಬಾವಿ ಬತ್ತುತ್ತಾ ಬಂದಾಗ 2009ರಲ್ಲಿ ಎರಡೂ ರಾಜ್ಯಗಳು ಕಾನೂನು ತಂದವು. ಆಗಿನ ಆ ಕಾನೂನಿನ ಪ್ರಕಾರ ಪಂಜಾಬಲ್ಲಿ ಜೂನ್ 10ಕ್ಕೆ, ಹರಿಯಾಣದಲ್ಲಿ ಜೂನ್ 15ಕ್ಕೆ ಮುಂಚೆ ನಾಟಿ ಮಾಡುವಂತಿರಲಿಲ್ಲ. ಅಂತರ್ಜಲ ಉಳಿಸೋಕೆ ಒಳ್ಳೆಯದೇ. ಆದರೆ ಕೊಯಿಲು ಹಿಂದಕ್ಕೆ ಹೋಯ್ತು, ನವೆಂಬರ್ ಮೊದಲ ವಾರಗಳಲ್ಲಿ ಗೋಧಿ ಬಿತ್ತಲೇಬೇಕು, ನಡುವೆ ಉಳಿದದ್ದು ಕೆಲವೇ ದಿನ. ಕಂಬೈನ್ ಹಾರ್ವೆಸ್ಟರ್ ಬಿಟ್ಟುಹೋದ ಕೂಳೆ ತೆಗೆಯೋಕೆ ಅಗ್ಗದ ದಾರಿ ಬೆಂಕಿಕಡ್ಡಿ. ಗಾಳಿ ತಣ್ಣಗಾಗಿ ಹೊಗೆ ನೆಲಕ್ಕೆ ಕೂರೋದೂ ಆವಾಗಲೇ.

ಹತ್ತು ಬೆಳೆ ಇದ್ದ ಊರಲ್ಲಿ ಎಲ್ಲರೂ ಒಂದೇ ವಾರ ಕೊಯ್ದು ಒಂದೇ ವಾರ ಬಿತ್ತೋ ಪರಿಸ್ಥಿತಿಯೇ ಬರೋದಿಲ್ಲ. ಹರಿಯಾಣ ಸರ್ಕಾರ 2020ರಲ್ಲಿ "ಮೇರಾ ಪಾನಿ ಮೇರಿ ವಿರಾಸತ್" ಅಂತ ಯೋಜನೆ ಮಾಡಿ, ಭತ್ತ ಬಿಟ್ಟವರಿಗೆ ಎಕರೆಗೆ 7,000 ರೂಪಾಯಿ ಕೊಡ್ತೀವಿ ಅಂದಿತು. ಹೆಸರಲ್ಲಿ ವಿರಾಸತ್ ಇದೆ, ಸಂತೋಷ. ಆದರೆ ಭತ್ತ ಬಿಟ್ಟದ್ದಕ್ಕೆ ಕೊಡೋ ಬದಲು, ಹೊಲದಲ್ಲಿ ಎಷ್ಟು ಬಗೆ ಬೆಳೆ ಇದೆ ಅಂತ ಎಣಿಸಿ ಕೊಟ್ಟರೆ? ಹೆಸರು, ಉದ್ದನ್ನ ಗೋಧಿಯಷ್ಟೇ ಖಾತ್ರಿಯಾಗಿ ಮಂಡಿಯಲ್ಲಿ ಕೊಂಡರೆ? ಆಗ ನಾಲ್ಕು ಎಕರೆಯವನು ಒಂದು ಎಕರೆ ಭತ್ತ ಇಟ್ಟುಕೊಂಡೇ ಇರಲಿ, ನನಗೇನೂ ತಕರಾರಿಲ್ಲ.

"ಹೀಗೆಲ್ಲ ಮಾಡಿದರೆ 140 ಕೋಟಿ ಜನಕ್ಕೆ ಊಟ ಎಲ್ಲಿಂದ?" ಅಂತೀರಿ. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಒಂದೇ ಸಲ ತಿರುಗಿಸಿ ಅಂತ ನಾನೂ ಹೇಳ್ತಿಲ್ಲ. ಅಳತೆಗೋಲು ಬದಲಿಸಿ ಅಂತ ಮೊದಲು. ಮಿಶ್ರ ಹೊಲದ ಅಷ್ಟೂ ಫಸಲನ್ನ ಬಿಡಿಬಿಡಿಯಾಗಿ ಬೆಳೆಯೋಕೆ ಎಷ್ಟು ಜಮೀನು ಬೇಕು ಅಂತ ಲೆಕ್ಕ ಹಾಕೋ ಕ್ರಮ ಕೃಷಿ ವಿಜ್ಞಾನದಲ್ಲಿ ಇದ್ದೇ ಇದೆ. ಆ ಲೆಕ್ಕ ಮಂಡಿಯವರೆಗೆ ಬಂದಿಲ್ಲ.

ನಮ್ಮ ಪಕ್ಕದ ಫ್ಲ್ಯಾಟಿನವರು ಗಢವಾಲಿಗಳು. ನಾವು ಹುರಳಿ ಅನ್ನೋದನ್ನ ಅವರು ಗಹತ್ ಅಂತಾರೆ, ಚಳಿಗಾಲದಲ್ಲಿ ಎರಡೂ ಮನೆಯಲ್ಲಿ ಅದರದೇ ವಾಸನೆ. ಅವರ ಬೆಟ್ಟದಲ್ಲಿ "ಬಾರಹ್‌ನಾಜಾ" ಅಂತ ಪದ್ಧತಿ, ಹನ್ನೆರಡು ಧಾನ್ಯ ಒಂದೇ ಹೊಲದಲ್ಲಿ, ಅದರಲ್ಲಿ ರಾಗಿಯೂ ಉಂಟು. ಕೆಲವು ಕಡೆ ಇನ್ನೂ ಬಿತ್ತುತ್ತಾರೆ. ಅಂದರೆ ಗೊತ್ತಿರೋ ಜನ ಪೂರ್ತಿ ಮುಗಿದುಹೋಗಿಲ್ಲ. ರಾಖಿಗಢಿಯಲ್ಲಿ ಹರಿಯಾಣ ಸರ್ಕಾರ ಮ್ಯೂಸಿಯಂ ಕಟ್ಟಿಸಿದೆ. ಅದರ ಪಕ್ಕ ಎರಡು ಎಕರೆ ಬಿಟ್ಟು, ಮಸೂದ್‌ಪುರದ ಮಣ್ಣಲ್ಲಿ ಸಿಕ್ಕ ಕಾಳುಗಳನ್ನೆಲ್ಲ ಕಾಳಿಬಂಗನ್ ಸಾಲಿನಲ್ಲಿ ಬಿತ್ತಿ, ಎದುರಿಗೆ ಬರೀ ಭತ್ತದ ಎರಡು ಎಕರೆ ಇಟ್ಟು, ನೀರು, ಖರ್ಚು, ಫಸಲು ಮೂರನ್ನೂ ಬೋರ್ಡಿನಲ್ಲಿ ಬರೆದು ಹಾಕಲಿ. ಹಿಸಾರಿನ ಕೃಷಿ ವಿಶ್ವವಿದ್ಯಾಲಯ ಅಲ್ಲೇ ಹತ್ತಿರ ಇದೆ. ಸಡ್ಡೆ ಹಿಡಿಯೋಕೆ ಬೇಕಾದರೆ ತುಮಕೂರು ಕಡೆಯಿಂದ ಇಬ್ಬರು ಅಜ್ಜಂದಿರನ್ನ ಕರೆಸಬಹುದು. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ ಖರ್ಚು ನಾವೇ ನಾಲ್ಕು ಜನ ಸೇರಿ ಹಾಕೋಣ, ಏನಂತೀರಿ?